ಹಳೆಯ ಸರಕು ಮೋಟಾರಿನ ದುರಸ್ತಿ

ಟೊಮೇಟೊ, ಸೊಪ್ಪು ಮೊದಲಾದ ಬೇಗನೆ ಕೆಡುವ ಫಸಲನ್ನು ಮಂಡಿಗೆ ಸಾಗಿಸಲು ಅಗ್ಗದ ಬೆಲೆಗೆ ಹಳೆಯ ಪಿಕಪ್ ವಾಹನವನ್ನು ಕೊಳ್ಳುವ ಬೇಸಾಯಗಾರರು ಅನೇಕರಿರುವರು. ಕೊಳ್ಳುವುದು ತಪ್ಪಲ್ಲ, ಕೆಟ್ಟು ನಿಂತ ಮೇಲೆ ಮಾತ್ರ ದುರಸ್ತಿಗೆ ಯೋಚಿಸುವುದು ತಪ್ಪು.

ರೇಡಿಯೇಟರಿನ ಸವೆದ ರಬ್ಬರು ಕೊಳವೆಯನ್ನು ಬದಲಿಸಲು ಕೆಲವು ನೂರು ರೂಪಾಯಿ ಸಾಕು. ಅದು ದಾರಿಯಲ್ಲಿ ಒಡೆದು ನೀರು ಬರಿದಾದ ಮೇಲೂ ಗಾಡಿಯನ್ನು ಓಡಿಸಿದಲ್ಲಿ ಎಂಜಿನ್ನು ಕಾದು, ಹೆಡ್ ಗ್ಯಾಸ್ಕೆಟ್ಟು ಹೋಗಿ, ಹತ್ತಾರು ಸಾವಿರ ರೂಪಾಯಿಗಳ ವೆಚ್ಚ ತಗಲುವುದುಂಟು. ಆ ದಿನದ ಫಸಲೂ ನಷ್ಟವಾಗುವುದು. ನೀಲಿ ಹೊಗೆಯು ಎಂಜಿನ್ ಆಯಿಲು ಉರಿಯುತ್ತಿರುವುದರ ಸೂಚನೆ. ಕಪ್ಪು ಹೊಗೆಗೆ ಅನೇಕ ವೇಳೆ ಧೂಳು ಕಟ್ಟಿದ ಏರ್ ಫಿಲ್ಟರು ಕಾರಣ. ಮಿತಿಮೀರಿದ ಹೇರಿನಿಂದ ಸ್ಪ್ರಿಂಗ್ ಪಟ್ಟಿಗಳು ಮುರಿಯುವುವು. ಪೊಟ್ಯಾಷ್ ಗೊಬ್ಬರ ಚೆಲ್ಲಿದುದನ್ನು ತೊಳೆಯದಿದ್ದರೆ ತಗಡು ತುಕ್ಕು ಹಿಡಿಯುವುದು.

ಎಂಟು ವರ್ಷ ಮೀರಿದ ಸರಕು ವಾಹನಕ್ಕೆ ಪ್ರತಿ ವರ್ಷವೂ ಎಫ್.ಸಿ. ಮಾಡಿಸತಕ್ಕದ್ದು. ಆ ಸಮಯದಲ್ಲಿ ಡೀಸೆಲು, ವಿಮೆ, ದುರಸ್ತಿಗಳ ಒಟ್ಟು ವೆಚ್ಚವನ್ನು ಬಾಡಿಗೆ ಗಾಡಿಗೆ ಆಗಬಹುದಾಗಿದ್ದ ವೆಚ್ಚದೊಡನೆ ಹೋಲಿಸುವುದು ವಿಹಿತ. ಸ್ವಂತ ಗಾಡಿಯ ವೆಚ್ಚವೇ ವರ್ಷವರ್ಷವೂ ಹೆಚ್ಚಾಗಿ ಕಂಡಲ್ಲಿ ಅದನ್ನು ಮಾರುವುದೇ ಲೇಸು. ಗ್ರಾಮದ ಮುಖಂಡರೂ ಭೂಮಾಲೀಕರೂ ಇದಕ್ಕೆಂದು ಲೆಕ್ಕದ ಪುಸ್ತಕವೊಂದನ್ನಿಟ್ಟು ಇತರರಿಗೆ ಮೇಲ್ಪಂಕ್ತಿಯಾಗಬೇಕು.