ಶಿಲೆಯ ಮೇಲಿನ ಹೆಸರಿಗೆ ಮನೆ ಯಾವುದು?

ವಿದ್ಯಾರ್ಥಿಗಳೆ, ವಿಶಾಖಪಟ್ಟಣದ ರಾಮಕೃಷ್ಣ ಕಡಲತೀರದಲ್ಲಿ 1971ರ ಯುದ್ಧದ ನೆನಪಿಗಾಗಿ 1996ರಲ್ಲಿ ನಿರ್ಮಿಸಿದ ನೌಕಾಪಡೆಯ ಸಮರಸ್ಮಾರಕವಿದೆ. ಸ್ಮಾರಕವನ್ನು ಕಟ್ಟುವುದು ಒಂದು ಕಾರ್ಯ. ಮಡಿದವರ ಮನೆಯವರನ್ನು ಹುಡುಕುವುದು ಅದಕ್ಕಿಂತ ಕಠಿನವಾದ ಕಾರ್ಯ. ಎರಡನೆಯದು ನಡೆಯದೆ ಮೊದಲನೆಯದು ಪೂರ್ಣವಾಗದೆಂಬುದು ನನ್ನ ಅಭಿಪ್ರಾಯ.

ಮನೆಯವರನ್ನು ಮರೆತರೆ ಹೆಸರೂ ಮರೆಯಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಮಡಿದವರಿಗಾಗಿ ಇರಾಕಿನ ಬಸ್ರಾದಲ್ಲಿ ಎದ್ದ ಸ್ಮಾರಕದ ಮೇಲೆ ಬ್ರಿಟಿಷ್ ಯೋಧರ ಹೆಸರುಗಳನ್ನು ಕೆತ್ತಿದರು. ನಮ್ಮ ಸಾಮಾನ್ಯ ಸಿಪಾಯಿಗಳನ್ನು ಆಯಾ ದಳದ ಕೆಳಗೆ ಬರಿಯ ಸಂಖ್ಯೆಯಾಗಿ ಬರೆದರು. ಇಂಥ ಅಸಮಾನತೆಗಾಗಿ ಕಾಮನ್‌ವೆಲ್ತ್ ಸಮರಸಮಾಧಿ ಆಯೋಗವು 2021ರಲ್ಲಿ ಕ್ಷಮೆ ಕೇಳಿತು.

ಈ ಶೋಧನೆ ಸುಲಭವಲ್ಲ. ಇಂಗ್ಲಿಷ್ ದಾಖಲೆಯಲ್ಲಿ ನಮ್ಮ ಲಕಾರ ಳಕಾರಗಳು ಒಂದಾಗುತ್ತವೆ. ಹ್ರಸ್ವ ದೀರ್ಘಗಳ ಭೇದ ಅಳಿಯುತ್ತದೆ. ಊರಿನ ಹೆಸರು ಒಂದೇ ಅಕ್ಷರಕ್ಕೆ ಕುಗ್ಗುತ್ತದೆ. ಮನೆಯವರೋ ಹೊಟ್ಟೆಪಾಡಿಗಾಗಿ ಊರು ಬಿಟ್ಟು ವಿಜಯವಾಡದಂತಹ ನಗರವನ್ನು ಸೇರಿರಬಹುದು. ಆದುದರಿಂದ ಸೇನಾಸಂಖ್ಯೆ, ದಳ, ತಂದೆಯ ಹೆಸರು, ಗ್ರಾಮ ಇವು ಹೊಂದುವವರೆಗೆ ಯಾರನ್ನೂ ‘ಇವರೇ’ ಎನ್ನಬಾರದು. ತಪ್ಪು ಮನೆಗೆ ಮುಟ್ಟಿದ ಸುದ್ದಿ ಎರಡು ಮನೆಗಳನ್ನು ನೋಯಿಸುತ್ತದೆ.

ನೀವು ಮಾಡಬಹುದಾದುದು ಇಷ್ಟು: ನಿಮ್ಮ ಊರಿನಿಂದ ಸೇನೆಗೆ ಹೋಗಿ ಮರಳಿ ಬಾರದವರ ವಿವರಗಳನ್ನು ಹಿರಿಯರಿಂದ ಕೇಳಿ, ಕನ್ನಡದಲ್ಲಿ ತಪ್ಪಿಲ್ಲದೆ ಬರೆದಿಡಿರಿ. ಮನೆಯವರು ಒಪ್ಪಿದರೆ ಗುರುಗಳ ಮೂಲಕ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ತಿಳಿಸಿರಿ. ಹೂಹಾರ ಅರ್ಪಿಸುವ ದಿನ ಮಡಿದವರ ಮನೆಯವರೂ ಅಲ್ಲಿ ನಿಂತಿರಬೇಕು.