ಬೆಂಬಲ ನಿಂತ ತಂತ್ರಾಂಶ ಮತ್ತು ಅಡಿಕೆ ಪೇಟೆಯ ಲೆಕ್ಕಪತ್ರ

ವರ್ತಕರಿಗೆ ಗಡುವುಗಳು ಹೊಸತಲ್ಲ. ತಿಂಗಳ 20ನೇ ತಾರೀಖಿನ ಜಿಎಸ್‌ಟಿ ವಿವರಣೆ, ವರ್ಷಕ್ಕೊಮ್ಮೆ ಆದಾಯ ತೆರಿಗೆ, ಬ್ಯಾಂಕಿನ ಓಡಿ ಖಾತೆಯ ನವೀಕರಣ, ಎಪಿಎಂಸಿ ಪರವಾನಗಿ ಇವೆಲ್ಲವೂ ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿರುತ್ತವೆ. ಆದರೆ 2025ರ ಅಕ್ಟೋಬರ್ 14 ಎಂಬ ಗಡುವನ್ನು ಎಷ್ಟೋ ಅಂಗಡಿಗಳಲ್ಲಿ ಯಾರೂ ಗುರುತು ಹಾಕಿರಲಿಲ್ಲ. ಅಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಉಚಿತ ಬೆಂಬಲ ಕೊನೆಗೊಂಡಿತು. ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಅದೇ ದಿನ ಮುಗಿಯಿತು. ದೀಪಾವಳಿಗೆ ವಾರವಷ್ಟೇ ಉಳಿದಿತ್ತು. ಚನ್ನಗಿರಿಯ ಸುತ್ತಮುತ್ತ ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ ಭರದಿಂದ ಸಾಗುವ ಕಾಲವದು. ಮರುದಿನ ಬೆಳಿಗ್ಗೆ ಗಣಕಯಂತ್ರಗಳು ಎಂದಿನಂತೆಯೇ ತೆರೆದುಕೊಂಡವು. ಏನೂ ಆಗಲಿಲ್ಲವಲ್ಲ ಎಂಬ ಭಾವನೆ ಮೂಡಲು ಅಷ್ಟೇ ಸಾಕಾಯಿತು.

ಬೆಂಬಲ ನಿಲ್ಲುವುದೆಂದರೆ ತಂತ್ರಾಂಶ ಕೆಲಸ ನಿಲ್ಲಿಸುವುದೆಂದಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತಯಾರಕರು ತಿಂಗಳು ತಿಂಗಳು ಕಳುಹಿಸುತ್ತಿದ್ದ ತಿದ್ದುಪಡಿಗಳು ನಿಲ್ಲುತ್ತವೆ, ಅಷ್ಟೆ. ಈ ತಿದ್ದುಪಡಿಗಳ ಬೆಲೆ ಏನೆಂಬುದು 2017ರ ಮೇ ತಿಂಗಳಲ್ಲಿ ಜಗತ್ತಿಗೆ ತಿಳಿಯಿತು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಆಗ ನೂರಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಅದು ನುಗ್ಗಿದ ಲೋಪಕ್ಕೆ ತಿದ್ದುಪಡಿಯು ಮಾರ್ಚ್‌ನಲ್ಲಿಯೇ ಬಂದಿತ್ತು. ಅದನ್ನು ಹಾಕಿಕೊಂಡವರು ಉಳಿದರು. ಬೆಂಬಲ ಮುಗಿದಿದ್ದ ಎಕ್ಸ್‌ಪಿ ಬಳಕೆದಾರರಿಗೆ ದಾಳಿ ಆರಂಭವಾದ ನಂತರವಷ್ಟೇ ತುರ್ತು ತಿದ್ದುಪಡಿ ದೊರೆಯಿತು. ವಿಶೇಷವೆಂದರೆ ಹೆಚ್ಚಾಗಿ ಸಿಕ್ಕಿಬಿದ್ದವು ಎಕ್ಸ್‌ಪಿ ಯಂತ್ರಗಳಲ್ಲ, ಬೆಂಬಲವಿದ್ದೂ ತಿದ್ದುಪಡಿ ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು. ನಕಲಿ ಪ್ರತಿ ಹಾಕಿಸಿಕೊಂಡು, ನವೀಕರಣವನ್ನು ಶಾಶ್ವತವಾಗಿ ಬಂದ್ ಮಾಡಿಸಿರುವ ಅಂಗಡಿಗಳು ಈ ಸಂಗತಿಯನ್ನು ಎರಡು ಬಾರಿ ಓದಿಕೊಳ್ಳುವುದು ಒಳಿತು.

ಅಲಕ್ಷ್ಯ ಸಣ್ಣವರದು ಮಾತ್ರವಲ್ಲ. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿತ್ತು. ಆದರೂ ದೇಶದ ಎಷ್ಟೋ ಎಟಿಎಂಗಳು ಅದರಲ್ಲಿಯೇ ನಡೆಯುತ್ತಿದ್ದವು. ನಾಲ್ಕು ವರ್ಷಗಳ ನಂತರ, 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ, ಎಲ್ಲ ಎಟಿಎಂಗಳನ್ನೂ 2019ರ ಜೂನ್ ಒಳಗೆ ಹಂತಹಂತವಾಗಿ ಬೆಂಬಲವಿರುವ ಆವೃತ್ತಿಗೆ ಬದಲಾಯಿಸಬೇಕೆಂದು ಬ್ಯಾಂಕುಗಳಿಗೆ ತಾಕೀತು ಮಾಡಬೇಕಾಯಿತು. ಬ್ಯಾಂಕುಗಳಿಗೆ ಹೇಳಲು ರಿಸರ್ವ್ ಬ್ಯಾಂಕಿದೆ. ಅಡಿಕೆ ಮಂಡಿಗೆ, ಗೊಬ್ಬರದ ಅಂಗಡಿಗೆ, ಅಕ್ಕಿ ಗಿರಣಿಗೆ ಹಾಗೆ ಹೇಳುವವರು ಯಾರೂ ಇಲ್ಲ.

ಚನ್ನಗಿರಿಯಂತಹ ಪೇಟೆಯಲ್ಲಿ ಗಣಕಯಂತ್ರ ಇಂದು ಎಷ್ಟರ ಮಟ್ಟಿಗೆ ಅನಿವಾರ್ಯ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ರಾಶಿ ಅಡಿಕೆಗೆ ಕ್ವಿಂಟಾಲಿಗೆ 50 ಸಾವಿರ ರೂಪಾಯಿ ಎಂದು ಹಿಡಿದರೆ, ಸಾವಿರ ಕ್ವಿಂಟಾಲ್ ಮಾರಿದ ವರ್ತಕರ ವಹಿವಾಟು 5 ಕೋಟಿ ಮುಟ್ಟುತ್ತದೆ. 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದ್ದು, 2017-18ರಿಂದೀಚೆಗೆ ಯಾವುದಾದರೂ ಒಂದು ವರ್ಷ ಮೀರಿದ್ದರೂ ಸಾಕು. ನೋಂದಾಯಿತ ಖರೀದಿದಾರರಿಗೆ ಕಳುಹಿಸುವ ಬಿಲ್ಲಿಗೆ ನೋಂದಣಿ ಸಂಖ್ಯೆ ಇಲ್ಲದಿದ್ದರೆ ನಿಯಮದ ದೃಷ್ಟಿಯಲ್ಲಿ ಅದು ಬಿಲ್ಲೇ ಅಲ್ಲ. ಇ-ವೇ ಬಿಲ್ಲಿನ ಮಿತಿಯಾದ 50 ಸಾವಿರವಂತೂ ಒಂದೆರಡು ಚೀಲಗಳಲ್ಲಿಯೇ ದಾಟಿಹೋಗುತ್ತದೆ. ಇವನ್ನು ಬೇರೆ ಯಂತ್ರದಿಂದಲೂ, ಮೊಬೈಲಿನಿಂದಲೂ ಪಡೆಯಬಹುದೆಂಬ ವಾದ ಸರಿಯೇ. ಆದರೆ ಕೇಣಿದಾರರಿಗೆ ಕೊಟ್ಟ ಮುಂಗಡ, ಬೆಳೆಗಾರರಿಗೆ ಕೊಡಬೇಕಾದ ಬಾಕಿ, ಗೋದಾಮಿನ ದಾಸ್ತಾನು ಇವು ಯಾವ ಸರ್ಕಾರಿ ಜಾಲತಾಣದಲ್ಲಿಯೂ ಸಿಗುವುದಿಲ್ಲ. ಅವು ಇರುವುದು ಆ ಒಂದು ಯಂತ್ರದಲ್ಲಿ ಮಾತ್ರ.

ಇನ್ನು ಖರ್ಚಿನ ಮಾತು. ವಿಂಡೋಸ್ 11ಕ್ಕೆ ಹೋಗಲು ಅರ್ಹ ಯಂತ್ರವಿದ್ದರೆ ನವೀಕರಣ ಉಚಿತ. ಆದರೆ ಇಂಟೆಲ್ ಸಂಸ್ಕಾರಕವಾದರೆ 8ನೇ ಪೀಳಿಗೆಯದ್ದು ಅಥವಾ ನಂತರದ್ದು ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಬೇಕು. ಡೆಸ್ಕ್‌ಟಾಪ್ ಯಂತ್ರಗಳಿಗೆ 8ನೇ ಪೀಳಿಗೆ ಬಂದದ್ದು 2017ರ ಅಕ್ಟೋಬರ್‌ನಲ್ಲಿ. ಜಿಎಸ್‌ಟಿ ಜಾರಿಯಾದದ್ದು ಅದೇ ವರ್ಷದ ಜುಲೈ 1ರಂದು. ಹೀಗಾಗಿ ಜಿಎಸ್‌ಟಿಗೆಂದೇ ಆತುರಾತುರವಾಗಿ ಆ ಬೇಸಿಗೆಯಲ್ಲಿ ಕೊಂಡ ಯಂತ್ರಗಳು ಕೇವಲ ಕೆಲವು ತಿಂಗಳ ಅಂತರದಲ್ಲಿ ಈ ಸಾಲಿನಿಂದ ಹೊರಗುಳಿದಿವೆ.

ಹಳೆಯ ಯಂತ್ರವನ್ನೇ ಇಟ್ಟುಕೊಳ್ಳಬೇಕೆಂದರೆ ಹಣ ತೆತ್ತು ವಿಸ್ತರಿತ ಬೆಂಬಲ ಪಡೆಯುವ ದಾರಿಯಿದೆ. ವ್ಯಾಪಾರೀ ಬಳಕೆಗೆ ಪ್ರಕಟವಾದ ದರ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ನಂತರ ಪ್ರತಿ ವರ್ಷ ಇಮ್ಮಡಿ. ತಡವಾಗಿ ಸೇರಿದವರು ಹಿಂದಿನ ವರ್ಷದ ಹಣವನ್ನೂ ಕಟ್ಟಬೇಕು. ಮೂರು ವರ್ಷಕ್ಕೆ 427 ಡಾಲರ್, ಅಂದರೆ ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ 36 ಸಾವಿರ ದಾಟುತ್ತದೆ. ಅಷ್ಟರಲ್ಲಿ ಸಾಧಾರಣವಾದ ಹೊಸ ಯಂತ್ರವೇ ಬರುತ್ತದೆಂದ ಮೇಲೆ ಈ ದಾರಿ ಸಣ್ಣ ಅಂಗಡಿಗೆ ಹೇಳಿದ್ದಲ್ಲ. ಹೊಸ ಯಂತ್ರದ ಮೇಲಿನ ಶೇ. 18ರ ಜಿಎಸ್‌ಟಿಯನ್ನು ರಾಜಿ ತೆರಿಗೆಯಲ್ಲಿ ಇಲ್ಲದ ವರ್ತಕರು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ಆದಾಯ ತೆರಿಗೆಯಲ್ಲಿ ಶೇ. 40ರ ಸವಕಳಿಯಂತೆ 40 ಸಾವಿರದ ಯಂತ್ರದ ಪುಸ್ತಕ ಬೆಲೆ ಐದು ವರ್ಷಗಳಲ್ಲಿ 3,110 ರೂಪಾಯಿಗೆ ಇಳಿಯುತ್ತದೆ. ತೆರಿಗೆ ಕಾನೂನೇ ಮುಗಿಸಿಬಿಟ್ಟ ಆಸ್ತಿಯನ್ನು ವರ್ತಕರು ಒಂಬತ್ತು, ಹತ್ತು ವರ್ಷ ಎಳೆಯುವುದರಲ್ಲಿ ಉಳಿತಾಯವೇನೂ ಕಾಣದು. ಯಂತ್ರವೊಂದಕ್ಕೆ ವರ್ಷಕ್ಕೆ 8 ಸಾವಿರ ರೂಪಾಯಿ ಬೇರೆ ತೆಗೆದಿಟ್ಟರೆ, ಗಡುವು ಬಂದಾಗ ಬಂಡವಾಳಕ್ಕೆ ಕೈಹಾಕಬೇಕಾಗಿಲ್ಲ.

ನಿಜವಾದ ಅಪಾಯ ಯಂತ್ರ ಬದಲಾಯಿಸದಿರುವುದರಲ್ಲಿ ಎಷ್ಟಿದೆಯೋ, ಅವಸರದಲ್ಲಿ ಬದಲಾಯಿಸುವುದರಲ್ಲಿಯೂ ಅಷ್ಟೇ ಇದೆ. ಹಿಂದೆ ದೀಪಾವಳಿಯಲ್ಲಿ ಪೂಜೆ ಮಾಡಿ ತೆರೆಯುತ್ತಿದ್ದ ಕಿರ್ದಿ, ಖಾತೆ ಪುಸ್ತಕಗಳನ್ನು ಐವತ್ತು ವರ್ಷಗಳ ನಂತರವೂ ಬಿಡಿಸಿ ಓದಬಹುದು. ಗೆದ್ದಲು ಹಿಡಿಯದಿದ್ದರಾಯಿತು. ಗಣಕಯಂತ್ರದ ಲೆಕ್ಕ ಹಾಗಲ್ಲ. ಅದನ್ನು ಬರೆದ ತಂತ್ರಾಂಶವಿದ್ದರೆ ಮಾತ್ರ ಓದಲು ಬರುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮು ವಾರ್ಷಿಕ ವಿವರಣೆಯ ಗಡುವಿನಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕೆನ್ನುತ್ತದೆ. ಅದರಂತೆ 2024-25ರ ಲೆಕ್ಕ 2031ರ ಡಿಸೆಂಬರ್ ಅಂತ್ಯದವರೆಗೆ ಕೈಗೆ ಸಿಗುವಂತಿರಬೇಕು. ವಿದ್ಯುನ್ಮಾನ ಲೆಕ್ಕಗಳಿಗೆ ಸರಿಯಾದ ಬ್ಯಾಕಪ್ ಇಡಬೇಕೆಂದು ನಿಯಮ 57 ಪ್ರತ್ಯೇಕವಾಗಿಯೇ ಹೇಳುತ್ತದೆ. ಇದು ಕಾಗದದ ಮೇಲಿನ ಮಾತಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ ಪ್ರಶ್ನೆ ಎದ್ದದ್ದು 2021-22ರಿಂದೀಚಿನ ವರ್ಷಗಳ ಬಗ್ಗೆ. ಹಾಲು, ತರಕಾರಿಯಂತಹ ವಿನಾಯಿತಿ ಸರಕು ಎಷ್ಟು, ತೆರಿಗೆ ಸರಕು ಎಷ್ಟು ಎಂದು ಬಿಡಿಸಿ ತೋರಿಸಲು ಹಳೆಯ ಲೆಕ್ಕವೇ ಆಧಾರ.

ಟ್ಯಾಲಿ ಬಳಸುವವರು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಬೆಂಗಳೂರಿನ ಈ ಸಂಸ್ಥೆ 2009ರಲ್ಲಿ ಟ್ಯಾಲಿ ಇಆರ್‌ಪಿ 9 ಅನ್ನೂ, 2020ರ ನವೆಂಬರ್‌ನಲ್ಲಿ ಟ್ಯಾಲಿಪ್ರೈಮ್ ಅನ್ನೂ ಹೊರತಂದಿತು. ಹಳೆಯ ದತ್ತಾಂಶ ಹೊಸ ಆವೃತ್ತಿಗೆ ಪರಿವರ್ತನೆಯಾದ ಮೇಲೆ ಮತ್ತೆ ಹಳೆಯದರಲ್ಲಿ ತೆರೆಯುವ ಭರವಸೆ ಇಲ್ಲ. ಆದ್ದರಿಂದ ಮೊದಲು ಬ್ಯಾಕಪ್ ತೆಗೆದು ಅಂಗಡಿಯ ಹೊರಗೆ ಇಡಬೇಕು. ನಂತರ ಹಳೆಯದರ ತಾಳೆಪಟ್ಟಿ, ಅಖೈರು ದಾಸ್ತಾನು, ಬಾಕಿದಾರರ ಪಟ್ಟಿ ಮುದ್ರಿಸಿಕೊಂಡು ಹೊಸದರೊಂದಿಗೆ ರೂಪಾಯಿ ಲೆಕ್ಕದಲ್ಲಿ ಹೋಲಿಸಬೇಕು. ಈ ಹೋಲಿಕೆ ಯಂತ್ರ ಮಾರಿದವರ ಕೆಲಸವಲ್ಲ, ಲೆಕ್ಕ ಬರೆಯುವವರದು. ಮಾಲೀಕರು ಎದುರು ಕುಳಿತು ಸಹಿ ಹಾಕಿಸಿಕೊಳ್ಳುವುದು ಅಧಿಕವಲ್ಲ. ಕಂಪನಿಯಾಗಿ ನೋಂದಾಯಿತರಾದವರಿಗೆ ಇನ್ನೊಂದು ಬಂಧನವಿದೆ: 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡು ಉಳಿಸುವ ತಂತ್ರಾಂಶದಲ್ಲಿಯೇ ಅವರು ಲೆಕ್ಕವಿಡಬೇಕು. ಹಳೆಯ ಆವೃತ್ತಿಗಳಲ್ಲಿ ಆ ಸೌಲಭ್ಯವಿಲ್ಲ.

ಸಹಕಾರ ಸಂಘಗಳಲ್ಲಿ, ವರ್ತಕರ ಸಂಘಗಳಲ್ಲಿ ಸದಸ್ಯರ ಪಟ್ಟಿ, ಸಭೆಯ ನಡವಳಿಗಳು ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಉಳಿದಿರುವುದುಂಟು. ಅವು ಯೂನಿಕೋಡ್ ಅಲ್ಲದ ಕಾರಣ, ಆ ಅಕ್ಷರಶೈಲಿ ಇಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹಳೆಯ ಯಂತ್ರ ಗುಜರಿಗೆ ಹೋಗುವ ಮೊದಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಬೇಕು.

ಈ ಕೆಲಸಕ್ಕೆ ಅಡಿಕೆ ಪೇಟೆಯಲ್ಲಿ ಸೂಕ್ತ ಕಾಲ ಮೇ ಮತ್ತು ಜೂನ್. ಮಾರ್ಚ್ ಅಂತ್ಯದ ಗಡಿಬಿಡಿ ಆಗ ಮುಗಿದಿರುತ್ತದೆ, ಹೊಸ ಕೊಯ್ಲು ಇನ್ನೂ ದೂರವಿರುತ್ತದೆ, ಲೆಕ್ಕಪರಿಶೋಧಕರ ಕಛೇರಿಯಲ್ಲಿಯೂ ಸಂದೇಹ ಕೇಳಿದರೆ ಉತ್ತರಿಸುವಷ್ಟು ಬಿಡುವಿರುತ್ತದೆ. ಹೊಸ ಯಂತ್ರ ಬಂದ ಮೇಲೆ ಹಳೆಯದನ್ನು ಅಂತರಜಾಲದ ತಂತಿ ಕಿತ್ತು, ಒಂದು ಪೂರ್ಣ ಹಂಗಾಮು ಮುಗಿಯುವವರೆಗೆ ಮೂಲೆಯಲ್ಲಿ ಉಳಿಸಿಕೊಂಡರೆ ಹಳೆಯ ಬಿಲ್ಲು ಹುಡುಕುವಾಗ ಉಪಯೋಗಕ್ಕೆ ಬಂದೀತು.