ಕಾಲುದಾರಿಯ ಹಕ್ಕು

ಪಾಠಪುಸ್ತಕದ ಮೂಲಕ ಪರಿಚಯವಾದ ಊರನ್ನು ಮುಪ್ಪಿನಲ್ಲಿ ಕಣ್ಣಾರೆ ಕಾಣಲು ಹೊರಡುವುದು ಸ್ವಲ್ಪ ಅಪಾಯದ ಕೆಲಸ. ಮೂವತ್ತು ವರ್ಷ ತರಗತಿಯಲ್ಲಿ ವರ್ಡ್ಸ್‌ವರ್ತನನ್ನು ಬೋಧಿಸಿದ ನನಗೆ ಗ್ರಾಸ್‌ಮಿಯರ್ ಸರೋವರದ ದಡ ನಾನು ಹುಟ್ಟಿದ ಬಾಗೂರಿನ ಸುತ್ತಣ ಕೆರೆಗಳ ಏರಿಗಿಂತ ಹೆಚ್ಚು ಪರಿಚಿತವಾಗಿತ್ತು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿರುವ ಮಗ, "ಅಪ್ಪಾ, ಒಂದು ವಾರ ಅಲ್ಲಿ ನಡೆದು ಬನ್ನಿ, ದಾರಿ ತೋರಿಸುವವರು ಜೊತೆಗಿರುತ್ತಾರೆ" ಎಂದು ಏರ್ಪಾಡು ಮಾಡಿದಾಗ ನನಗೆ ನಗು ಬಂದಿತು. ಹಣ ತೆತ್ತು, ಮುಂದೆ ಒಬ್ಬನನ್ನು ಇಟ್ಟುಕೊಂಡು, ನಡೆಯುವುದೆ! ನಮ್ಮ ಸೀಮೆಯಲ್ಲಿ ಜನ ನಡೆದದ್ದು ಬಂಡಿಗೆ ಗತಿಯಿಲ್ಲದೆ.

ಆದರೂ ಹೋದೆ. ಹನ್ನೆರಡು ಮಂದಿಯ ತಂಡ. ಮುಂದಾಳು ನನ್ನಂತೆಯೇ ನಿವೃತ್ತರಾದ ಒಬ್ಬ ಉಪಾಧ್ಯಾಯರು. ಕೊರಳಿಗೆ ನಕ್ಷೆಯನ್ನು ತಾಯಿತದಂತೆ ತೂಗುಹಾಕಿಕೊಂಡಿದ್ದರು. ಬೆಟ್ಟಗಳ ವಿಷಯವಾಗಿ ನಾನು ಬೆರಗಾದೆನೆಂದು ಹೇಳಲಾರೆ. ಇಂಗ್ಲೆಂಡಿನ ಅತ್ಯುನ್ನತ ಶಿಖರವಾದ ಸ್ಕಾಫೆಲ್ ಪೈಕ್ ಸಮುದ್ರಮಟ್ಟದಿಂದ 978 ಮೀಟರ್ ಎತ್ತರದ್ದು. ನಮ್ಮ ಚನ್ನರಾಯಪಟ್ಟಣದ ಬಯಲೇ 800 ಮೀಟರಿಗೂ ಮೇಲಿದೆ. ರಾಗಿಹೊಲದಲ್ಲಿ ನಿಂತ ನಮ್ಮ ರೈತ ಅವರ ಬಹುಪಾಲು ಬೆಟ್ಟಗಳ ತಲೆಯನ್ನು ಕೆಳಗಣ್ಣಿನಿಂದ ನೋಡಬಹುದು. ನನ್ನನ್ನು ಬೆರಗುಗೊಳಿಸಿದ್ದು ಬೇರೆ.

ಮೂರನೆಯ ದಿನ ನಮ್ಮ ದಾರಿ ನೇರವಾಗಿ ಒಬ್ಬ ಕುರಿಸಾಕಣೆಗಾರನ ಅಂಗಳವನ್ನು ಹಾದುಹೋಯಿತು. ಆತ ಬಾಗಿಲಲ್ಲೇ ನಿಂತಿದ್ದ. ನಾನು ಹಿಂಜರಿದು, ಆತನ ಅನುಮತಿ ಬೇಡವೆ ಎಂದು ಮೆಲ್ಲಗೆ ಕೇಳಿದೆ. ಮುಂದಾಳು ಹೇಳಿದರು: "ಅನುಮತಿ ಕೊಡುವುದು ಅವನ ಕೈಯಲ್ಲಿಲ್ಲ. ಹೊಲ ಅವನದು, ದಾರಿ ಎಲ್ಲರದು." ಕುರಿಗಾರ ತಲೆಬಾಗಿ ವಂದಿಸಿದ, ನಾವು ಗೇಟನ್ನು ಮತ್ತೆ ಮುಚ್ಚಿ ಮುಂದೆ ನಡೆದೆವು.

ಈ ಸೌಜನ್ಯ ಸುಮ್ಮನೆ ಬಂದದ್ದಲ್ಲ. ಸರೋವರ ಪ್ರಾಂತದ ನಡಿಗೆಯನ್ನು ನಾವು ಕವಿಯ ಸೊತ್ತೆಂದು ಭಾವಿಸಿದ್ದೇವೆ. ಆತ ಮಹಾ ನಡಿಗೆಗಾರನೇನೋ ನಿಜ. ಜೀವಮಾನದಲ್ಲಿ 1,75,000 ಮೈಲಿಗೆ ಕಡಮೆಯಿಲ್ಲದಷ್ಟು ನಡೆದಿರಬೇಕೆಂದು ಡಿ ಕ್ವಿನ್ಸಿ ಲೆಕ್ಕ ಹಾಕಿದ್ದಾನೆ. ನಮ್ಮ ಮಕ್ಕಳು ಬಾಯಿಪಾಠ ಮಾಡುವ ಆ ಹಳದಿ ಹೂಗಳ ಪದ್ಯವೂ 1802ರ ಏಪ್ರಿಲ್ 15ರಂದು ತಂಗಿ ಡೊರೊತಿಯೊಡನೆ ನಡೆದ ನಡಿಗೆಯ ಫಲ. ಹೂಗಳನ್ನು ಮೊದಲು ಗದ್ಯದಲ್ಲಿ ಬರೆದಿಟ್ಟವಳು ಆಕೆ. ನಾವು ಅಧ್ಯಾಪಕರು ಆಕೆಯ ಹೆಸರನ್ನೇ ಎತ್ತುವುದಿಲ್ಲ. ಆದರೆ 1844ರಲ್ಲಿ ವಿಂಡರ್‌ಮಿಯರಿಗೆ ರೈಲು ಬರುತ್ತದೆಂದಾಗ ಇದೇ ಕವಿ ಪ್ರತಿಭಟಿಸಿದ. ಗಿರಣಿಯ ಊರುಗಳಿಂದ ಜನ ತಂಡತಂಡವಾಗಿ ಬಂದು ಇಳಿದರೆ ಸೊಬಗು ಕೆಟ್ಟೀತೆಂಬುದು ಆತನ ಅಳುಕು. ತಿರುಕನನ್ನೂ ಜಿಗಣೆ ಹಿಡಿಯುವ ಮುದುಕನನ್ನೂ ಕಾವ್ಯಕ್ಕೆ ಕರೆತಂದವನು ನೇಕಾರನನ್ನು ಸರೋವರದ ದಡಕ್ಕೆ ಕರೆಯಲು ಹಿಂದೆಗೆದದ್ದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ. ರೈಲು 1847ರಲ್ಲಿ ಬಂದೇ ಬಂದಿತು. 1891ರಲ್ಲಿ ಕೋಲ್ನ್ ಎಂಬ ಗಿರಣಿಯ ಊರಿನ ಪಾದ್ರಿ ಆರ್ಥರ್ ಲೆನರ್ಡ್ ತನ್ನ ಊರಿನ ತರುಣರನ್ನು ಆಂಬಲ್‌ಸೈಡಿಗೆ ಕರೆದುಕೊಂಡು ಹೋಗಿ ಬೆಟ್ಟಗಳಲ್ಲಿ ನಡೆಸಿದ. ಇಂದು ನಾವು ಹಣ ತೆತ್ತು ಮಾಡುವ ಮಾರ್ಗದರ್ಶಿತ ನಡಿಗೆಗೆ ಮೂಲಪುರುಷರಲ್ಲಿ ಆತ ಒಬ್ಬ.

ಮುಂದಿನ ಕಥೆ ಸರೋವರ ಪ್ರಾಂತದ ಹೊರಗೆ, ಡರ್ಬಿಶೈರಿನ ಕಿಂಡರ್ ಸ್ಕೌಟ್ ಎಂಬ ಬೆಟ್ಟದ ಮೇಲೆ ನಡೆಯಿತು. ಶ್ರೀಮಂತರ ಬೇಟೆಗಾಗಿ ಮುಚ್ಚಿಟ್ಟಿದ್ದ ಆ ಬೆಟ್ಟವನ್ನು 1932ರ ಏಪ್ರಿಲ್ 24ರಂದು ನೂರಾರು ತರುಣ ಕಾರ್ಮಿಕರು ಬೇಕೆಂದೇ ಏರಿದರು. ಐವರು ಸೆರೆಮನೆ ಕಂಡರು. 1949ರಲ್ಲಿ ಪಾರ್ಲಿಮೆಂಟು ಶಾಸನ ಮಾಡಿ, ಪ್ರತಿಯೊಂದು ಕೌಂಟಿಯೂ ತನ್ನ ಕಾಲುದಾರಿಗಳ ಅಧಿಕೃತ ನಕ್ಷೆಯನ್ನು ಸಿದ್ಧಪಡಿಸಬೇಕೆಂದು ವಿಧಿಸಿತು. ಆ ನಕ್ಷೆಗಾಗಿ ಹಳ್ಳಿಹಳ್ಳಿಯ ಜನ ತಾವೇ ನಡೆದು ದಾರಿಗಳನ್ನು ಗುರುತಿಸಿದರು. ಅದರಲ್ಲಿ ಒಮ್ಮೆ ಗೆರೆ ಬಿದ್ದಿತೆಂದರೆ ನ್ಯಾಯಾಲಯಕ್ಕೂ ಅದೇ ಪ್ರಮಾಣ. ಕುರಿಗಾರನ ಅಂಗಳದಲ್ಲಿ ನಾನು ತುಳಿದದ್ದು ಆ ಗೆರೆಯನ್ನು. ಇಂಗ್ಲೆಂಡ್, ವೇಲ್ಸ್ ಎರಡರಲ್ಲೂ ಸೇರಿ ಇಂಥ ದಾರಿಗಳು 2 ಲಕ್ಷ ಕಿಲೋಮೀಟರಿಗೂ ಮಿಕ್ಕಿ ಇವೆ.

ರೈಡಲ್‌ನಿಂದ ಗ್ರಾಸ್‌ಮಿಯರಿಗೆ ಒಂದು ಹಳೆಯ ಹಾದಿಯಿದೆ. ರೈಡಲ್‌ನಲ್ಲಿ ಸತ್ತವರನ್ನು ಗ್ರಾಸ್‌ಮಿಯರಿನ ಚರ್ಚಿಗೆ ಹೊತ್ತೊಯ್ಯುತ್ತಿದ್ದ ಹಾದಿ ಅದು. ನಡುವೆ, ಪೆಟ್ಟಿಗೆಯನ್ನು ಇಳಿಸಿ ಉಸಿರು ತೆಗೆದುಕೊಳ್ಳಲು ಒಂದು ಚಪ್ಪಟೆ ಕಲ್ಲು. ಮುಂದಾಳು ಅದನ್ನು ಕೈಯಿಂದ ಸವರಿ ವಿವರಿಸುತ್ತಿದ್ದಾಗ ನನ್ನ ಮನಸ್ಸು ಊರಿಗೆ ಓಡಿತು. ನಮ್ಮಲ್ಲಿ ಹೊರೆಗಲ್ಲುಗಳಿರಲಿಲ್ಲವೆ? ಎರಡು ಕಲ್ಲುಕಂಬ, ಅವುಗಳ ಮೇಲೆ ಹೆಗಲೆತ್ತರಕ್ಕೆ ಅಡ್ಡಲಾಗಿ ಒಂದು ಚಪ್ಪಡಿ. ಸಂತೆಗೆ ಹೊರಟವನು ಮತ್ತೊಬ್ಬರ ಕೈಯಾಸರೆ ಬೇಡದೆ ತಲೆಹೊರೆಯನ್ನು ಅದರ ಮೇಲಿಟ್ಟು, ದಣಿವಾರಿಸಿಕೊಂಡು, ಮತ್ತೆ ತಾನೇ ಹೊತ್ತುಕೊಳ್ಳುತ್ತಿದ್ದ. ನಾನು ಹುಡುಗನಾಗಿದ್ದಾಗ ಆಟವಾಡುತ್ತಿದ್ದ ಒಂದು ಹೊರೆಗಲ್ಲಿನ ಚಪ್ಪಡಿ ಈಗ ಯಾರದೋ ತೋಟದಲ್ಲಿ ಬಟ್ಟೆ ಒಗೆಯಲು ಒದಗಿದೆ.

ನಮ್ಮ ಸೀಮೆಯಲ್ಲಿ ನೋಡಲು ಏನಿದೆ ಎಂದು ಕೇಳುವವರಿದ್ದಾರೆ. ಬಾಗೂರು ಇರುವ ತಾಲ್ಲೂಕಿನಲ್ಲೇ ಶ್ರವಣಬೆಳಗೊಳದ ಎರಡು ಬೆಟ್ಟಗಳಿವೆ. ನುಗ್ಗೇಹಳ್ಳಿಯಲ್ಲಿ 1246ರ ಹೊಯ್ಸಳ ದೇಗುಲವಿದೆ. ಭೈರಪ್ಪನವರು ಹುಟ್ಟಿದ ಸಂತೇಶಿವರ ಇಲ್ಲಿಯದೇ. ಹೇಮಾವತಿಯ ನೀರು ಬಾಗೂರು–ನವಿಲೆ ಸುರಂಗದಲ್ಲಿ ನೆಲದಡಿಯಲ್ಲಿ ತುಮಕೂರಿನ ಕಡೆಗೆ ನಡೆಯುತ್ತದೆ. ನೀರು ಕೆಳಗೆ ನಡೆಯುತ್ತದೆ. ಮೇಲೆ ಮನುಷ್ಯ ನಡೆಯುವುದನ್ನು ಬಿಟ್ಟಿದ್ದಾನೆ. ಕಳೆದ ಮಾಗಿಯಲ್ಲಿ ನಾನು ನುಗ್ಗೇಹಳ್ಳಿಯ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟಾಗ ಎದುರಿಗೆ ಸಿಕ್ಕವರೆಲ್ಲರದೂ ಒಂದೇ ಪ್ರಶ್ನೆ: "ಯಾಕ್ ಸ್ವಾಮಿ, ಬಸ್ಸು ತಪ್ಪಿತೆ?"

ಆ ಪ್ರಶ್ನೆಯನ್ನು ಹಗುರವಾಗಿ ಎಣಿಸಲಾರೆ. 'ಗೃಹಭಂಗ'ವನ್ನು ಓದಿದವರಿಗೆ ಈ ನೆಲದಲ್ಲಿ ನಡಿಗೆಯೆಂದರೆ ಏನಾಗಿತ್ತೆಂಬುದು ಗೊತ್ತು. ಹಸಿವು, ಪ್ಲೇಗು, ಕಂದಾಯಗಳ ನಡುವೆ ಊರಿಂದೂರಿಗೆ ಅಲೆದವರ ಮೊಮ್ಮಕ್ಕಳು ಮೋಟಾರು ಸೈಕಲ್ಲನ್ನು ಮೆಚ್ಚಿದರೆ ತಪ್ಪೇನು? ನಮ್ಮ ದಾರಿಗಳೆಲ್ಲ ಎಲ್ಲರಿಗೂ ತೆರೆದಿದ್ದವೆಂದು ಹೇಳುವುದೂ ಸುಳ್ಳು. ದೇವಾಲಯದ ಸುತ್ತಣ ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ ವೈಕಂನಲ್ಲಿ 1924–25ರಲ್ಲಿ ಸತ್ಯಾಗ್ರಹವೇ ನಡೆಯಬೇಕಾಯಿತು. ಮೇಲುಜಾತಿಯ ಬೀದಿಯನ್ನು ಬಳಸಿಕೊಂಡು ಹೋದ ಕಾಲುಗಳ ನೆನಪು ನಮ್ಮ ಹಳ್ಳಿಗಳಲ್ಲೂ ಮಾಸಿಲ್ಲ. ಕಿಂಡರ್ ಸ್ಕೌಟಿನ ಕಥೆಯನ್ನು ತರಗತಿಯಲ್ಲಿ ಹೇಳುವವರು ವೈಕಂನ ಕಥೆಯನ್ನು ಅದರ ಪಕ್ಕದಲ್ಲೇ ಇಡಬೇಕು.

ಆದ್ದರಿಂದಲೇ ನನ್ನ ವಾದ ಬರಿಯ ಪ್ರಕೃತಿಸೌಂದರ್ಯದ ವಾದವಲ್ಲ. ನಮ್ಮಲ್ಲಿಯೂ ನಕ್ಷೆಯಿದೆ. ಸರ್ವೆಯವರ ಗ್ರಾಮ ನಕಾಶೆಯಲ್ಲಿ ಕಾಲುದಾರಿ, ಬಂಡಿದಾರಿಗಳು ಚುಕ್ಕೆಗೆರೆಗಳಾಗಿ ಮೂಡಿವೆ; ಕಂದಾಯ ಕಚೇರಿಯಲ್ಲಿ ಅದಕ್ಕೆ 'ನಕಾಶೆ ಕಂಡ ದಾರಿ' ಎಂಬ ಸೊಗಸಾದ ಹೆಸರೂ ಇದೆ. ನಕಾಶೆ ಕಂಡಿದೆ, ಕಣ್ಣು ಕಾಣುತ್ತಿಲ್ಲ. ವರ್ಷಕ್ಕೊಂದು ಗೇಣು ನೇಗಿಲು ಒತ್ತುತ್ತದೆ. ಬಳಿಕ ಒಂದು ಸಾಲು ತೆಂಗಿನ ಸಸಿ, ಬಳಿಕ ತಂತಿಬೇಲಿ. ತಂಟೆ ಬಂದಾಗ ನಷ್ಟ ನನ್ನಂಥ ಹವ್ಯಾಸಿಯದಲ್ಲ: ತನ್ನ ಹೊಲಕ್ಕೆ ಹೋಗಲು ಬೇರೆ ಹಾದಿಯಿಲ್ಲದ ಸಣ್ಣ ಹಿಡುವಳಿದಾರನದು, ಹುಲ್ಲಿನ ಹೊರೆ ಹೊತ್ತು ಒಂದು ಮೈಲಿ ಸುತ್ತಬೇಕಾದ ಹೆಂಗಸಿನದು, ಲಾರಿಗಳ ನಡುವೆ ಡಾಂಬರು ರಸ್ತೆಯ ಅಂಚಿನಲ್ಲಿ ಶಾಲೆಗೆ ನಡೆಯುವ ಹುಡುಗಿಯದು.

ಬಿ.ಎಂ.ಶ್ರೀ. ಅವರು 1926ರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಸ್ಕಾಟ್ಲೆಂಡಿನ ಒಂದು ದುರಂತ ಕಥೆಯನ್ನು ತಂದು ಕಾರಿಹೆಗ್ಗಡೆಯ ಮಗಳನ್ನು ನಮ್ಮವಳನ್ನಾಗಿ ಮಾಡಿದರು. ಪದ್ಯವನ್ನು ತಂದುಕೊಂಡ ನಾವು ಪದ್ಯದ ಬೆನ್ನಹಿಂದಿದ್ದ ದಾರಿಯನ್ನು ಅಲ್ಲಿಯೇ ಬಿಟ್ಟುಬಂದೆವು. ಅಧ್ಯಾಪಕ ಮಿತ್ರರಲ್ಲಿ ನನ್ನದು ಒಂದು ಸಣ್ಣ ಬಿನ್ನಹ. ಆ ಹಳದಿ ಹೂಗಳ ಪಾಠ ಬಂದ ವಾರ ಮಕ್ಕಳನ್ನು ಒಂದು ಶನಿವಾರ ಹೊರಗೆ ಕರೆದೊಯ್ಯಿರಿ. ಊರಿನ ನಕಾಶೆಯ ಒಂದು ಪ್ರತಿಯನ್ನು ಪಡೆದು ಅವರ ಕೈಗೆ ಕೊಡಿ. ಚುಕ್ಕೆಗೆರೆಯನ್ನು ಹಿಡಿದು ನಡೆಯಲಿ. ಎಲ್ಲಿ ದಾರಿ ನಿಂತಿತು, ಏತಕ್ಕೆ ನಿಂತಿತು ಎಂಬುದನ್ನು ಬರೆದುಕೊಳ್ಳಲಿ. ಆ ಬರಹವನ್ನು ಗ್ರಾಮಸಭೆಯಲ್ಲಿ ಓದಿಸಿ. ಬೇಲಿ ಹಾಕಿದವರು ಅಲ್ಲಿಯೇ ಕುಳಿತಿರುತ್ತಾರೆ, ಬಹುಮಟ್ಟಿಗೆ ಮುಂದಿನ ಸಾಲಿನಲ್ಲಿ.